ಹೊಸ್ತಿಲಿಗೆ ಹಾಕಿದ ಸೋಡಾ

ಈ ವರ್ಷದ ಯುಗಾದಿಯ ಮರುದಿನ ಬೆಳಗ್ಗೆ ನಾನು ನಮ್ಮ ಮನೆಯ ಹೊಸ್ತಿಲನ್ನು ಕೆಂಪು ಮಾಡಿದೆ. ಹಬ್ಬದ ದಿನ ಅದಕ್ಕೆ ಅರಿಶಿನ ಬಳಿದವಳು ಹೆಂಡತಿ ಶೈಲಾ. ಇಂಗ್ಲೆಂಡಿನ ಸಾಲ್ಫರ್ಡ್‌ನ ಸುದ್ದಿಮನೆಯೊಂದರಲ್ಲಿ ದಿನವಿಡೀ ಇತರರ ತಪ್ಪು ತಿದ್ದುವುದೇ ನನ್ನ ಕೆಲಸವಾದ್ದರಿಂದ, ಯಾರು ಏನು ಮಾಡಿದರೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮ್ಯಾಕಲ್ಸ್‌ಫೀಲ್ಡ್ ಬಳಿಯ ನಮ್ಮ ಹಳ್ಳಿ ತನ್ನ ಹಳತನ್ನು ಕಾಪಾಡುವ ರೀತಿ ಕಂಡರೆ ನನಗೆ ನಿಜಕ್ಕೂ ಗೌರವ. ಬೇಲಿಯ ಕಲ್ಲೊಂದು ಉರುಳಿದರೂ ಹುಡುಕಿ ತಂದು ಅದೇ ಜಾಗದಲ್ಲಿ ಕೂರಿಸುತ್ತಾರೆ. ಇಲ್ಲಿ ಇನ್ನೂರು ವರ್ಷದ ಮನೆ ಕೊಂಡವನು ಮಾಲೀಕನಲ್ಲ, ಪಾಳಿಗೆ ಬಂದ ಕಾವಲುಗಾರ. ಕಿಟಕಿ ಬದಲಿಸಲೂ ಕೌನ್ಸಿಲ್ ಅನುಮತಿ ಬೇಕು. ಊರಿಂದ ಬಂದ ನೆಂಟರಿಗೆ ಇದನ್ನೆಲ್ಲ ನನ್ನದೇ ಸಾಧನೆಯೆಂಬಂತೆ ವಿವರಿಸುತ್ತೇನೆ. ಆ ಶನಿವಾರ ಹಳೆಯ ಮನೆಗಳನ್ನು ತೋರಿಸುವ ಊರ ನಡಿಗೆಯಿತ್ತು. ಪ್ರತಿ ಮನೆಯ ಮುಂದೆ ನಿಂತು ಅದರ ಕಥೆ ಹೇಳುವವರು ನೆರೆಮನೆಯ ಎಂಬತ್ತು ದಾಟಿದ ಮಾರ್ಗರೆಟ್. ಮೊದಲ ಬಾರಿಗೆ ನಮ್ಮ ಮನೆಯೂ ಪಟ್ಟಿಯಲ್ಲಿತ್ತು. ಹಳೇ ಕಲ್ಲಿಗೆ ಕಲೆ ಮಾಡಿದವರೆಂಬ ಹೆಸರು ಬಂದೀತೆಂದು ಹೆದರಿ, ಬಟ್ಟೆ ಒಗೆಯುವ ಸೋಡಾ ಹಾಕಿ ಹೊಸ್ತಿಲು ಉಜ್ಜಿದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿಯಾಗುವುದು ಬಾಲ್ಯದಿಂದಲೂ ಗೊತ್ತಿತ್ತು. ಸೋಡಾ ಬಿದ್ದರೂ ಆಗುತ್ತದೆಂಬುದು ಆಗ ಖಚಿತವಾಯಿತು.

“ಏನ್ರೀ ಇದು, ನಮ್ಮ ಬಾಗಲದಾಗ ಯಾರದರ ಕೊಲೆ ಆಗೇತೇನು?” ಎಂದಳು ಹುಬ್ಬಳ್ಳಿಯ ಶೈಲಾ.

“ಕ್ಲೀನ್ ಮಾಡ್ತಿದ್ದೆ ಕಣೆ.”

“ಈ ಮನಿಗೆ ಬಂದ ಮೂರು ವರ್ಷದಾಗ ಇದೊಮ್ಮೆ ಬ್ರಶ್ ಹಿಡದೀರಿ, ಅದೂ ಹಿಂಗ!”

ಅಷ್ಟರಲ್ಲಿ ಮಾರ್ಗರೆಟ್ ಬಂದರು. ನಾನು ಎಲ್ಲವನ್ನೂ ಒಪ್ಪಿಕೊಂಡು, ನಮ್ಮ ಮನೆಯನ್ನು ಪಟ್ಟಿಯಿಂದ ಬಿಡಬಹುದೆಂದೂ ಸೂಚಿಸಿದೆ. ಅವರು ಬಗ್ಗಿ ಕಲ್ಲು ಸವರಿ, “ಹಳದಿ ಚೆನ್ನಾಗಿತ್ತಲ್ಲ, ಯಾಕೆ ಕೆಡಿಸಿದಿರಿ?” ಎಂದರು. ಅವರ ಅಜ್ಜಿ ಪ್ರತಿ ಶುಕ್ರವಾರ ಮೊಣಕಾಲೂರಿ ಹೊಸ್ತಿಲಿಗೆ ಕೆನೆಬಣ್ಣದ ಮೆದುಕಲ್ಲು ಉಜ್ಜಿ ಬಣ್ಣ ಬರಿಸುತ್ತಿದ್ದರಂತೆ. ಉಜ್ಜದವಳನ್ನು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತಂತೆ.

“ನಮ್ಮವ್ವನೂ ಶುಕ್ರವಾರನ!” ಎಂದು ಶೈಲಾ ಮೊದಲು ಕನ್ನಡದಲ್ಲೇ ಕೂಗಿ, ಆಮೇಲೆ ಇಂಗ್ಲಿಷಿಗೆ ಬಂದಳು. ಇಬ್ಬರೂ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಅಂಚು ಮೊದಲೋ ನಡು ಮೊದಲೋ ಎಂದು ಚರ್ಚೆಗಿಳಿದರು. ಬಕೆಟ್ ಹಿಡಿದು ನಿಂತ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಶನಿವಾರದ ಹೊತ್ತಿಗೆ ಮಳೆಗೆ ಕೆಂಪು ಇಳಿದಿತ್ತು. ಶೈಲಾ ಮತ್ತೆ ಅರಿಶಿನ ಹಚ್ಚಿದ್ದಳು. ನಡಿಗೆಯವರು ಅತಿ ಹೆಚ್ಚು ಹೊತ್ತು ನಿಂತದ್ದು ನಮ್ಮ ಬಾಗಿಲಲ್ಲಿ. ಅರ್ಧ ಕಥೆ ಮಾರ್ಗರೆಟ್ ಹೇಳಿದರು, ಉಳಿದರ್ಧ ಶೈಲಾ. ಊರಿನ ಮಾಸಪತ್ರಿಕೆಯಲ್ಲಿ ಅದರ ವರದಿ ಬಂತು. ಕೊನೆಯ ಸಾಲು ಹೀಗಿದೆ: “ಇನ್ನು ಮುಂದೆ ಹೊಸ್ತಿಲು ಮುಟ್ಟುವುದಿಲ್ಲವೆಂದು ಮನೆಯ ಯಜಮಾನರು ಒಪ್ಪಿದ್ದಾರೆ.”