ಬಾಯಿಲ್ಲದ ಅಂಚೆ ಡಬ್ಬಿ

೨೦೦೨ನೆಯ ಇಸವಿ ಫೆಬ್ರುವರಿ ೧೧, ಸೋಮವಾರದಂದು ಈರಯ್ಯನವರು ಬರೆದ ಅಂಚೆ ಡಬ್ಬಿಯ ಬಾಯಿಯನ್ನು ಅವರ ಒಪ್ಪಿಗೆಯಿಲ್ಲದೆ ಅಳಿಸಿಹಾಕಲಾಯಿತು. ಭೂಮಾಪನ ಇಲಾಖೆಯಲ್ಲಿ ನಕಾಶೆ ಬರೆದು ನಿವೃತ್ತರಾದ ಅವರಿಗೆ ಒಂದು ಗೆರೆ ಅತ್ತಿತ್ತಾದರೂ ಊಟ ರುಚಿಸದು. ಮರುದಿನ ಮಧ್ಯಾಹ್ನ ವಡಗಾವಿಯ ಕಂಪ್ಯೂಟರ್ ಕೇಂದ್ರದಲ್ಲಿ, ಅದರ ಮಾಲೀಕ ಪ್ರಸಾದ ಕುರ್ಚಿ ಕೊಟ್ಟರೂ ಕೂಡದೆ ನಿಂತಿದ್ದರು.

ಈರಯ್ಯ: ಡಬ್ಬಿ ಐತಿ, ಟೊಪ್ಪಿಗಿ ಐತಿ, ಬಾಯಿ ಇಲ್ಲ! ಪತ್ರ ಎಲ್ಲಿ ಹಾಕಬೇಕು, ತಲಿ ಮ್ಯಾಲ?

ಪ್ರಸಾದ: ಅಜ್ಜಾರ, ಪರದಾ ಮ್ಯಾಲ ಇದು ಕಡ್ಲಿಕಾಳಿನಷ್ಟ ಇರ್ತದ್ರಿ. ಅಷ್ಟ ಸಣ್ಣದ್ರಾಗ ಬಾಯಿ ಕಾಣಂಗಿಲ್ಲಂತ ಜರ್ಮನಿಯ ಒಬ್ಬಾಕಿ ತಗದಾಳ.

ಈರಯ್ಯ: ಆಕಿಗೆ ಪರವಾನಗಿ ಯಾರು ಕೊಟ್ರು?

ಪ್ರಸಾದ: ನೀವ ಕೊಟ್ಟೀರಿ. ಯಾರ ಬೇಕಾದ್ರೂ ತಿದ್ದಬಹುದು ಅಂತ ಓದಿ ಹೇಳಿದ್ನಲ್ಲ, ಹೂಂ ಅಂದ್ರಿ.

ಈರಯ್ಯ: ತಪ್ಪಿದ್ರ ತಿದ್ದಲಿ ಅಂತ ಹೂಂ ಅಂದೆ. ನನ್ನ ಚಿತ್ರದಾಗ ತಪ್ಪೆಲ್ಲಿ ಇತ್ತು?

ಆ ಚಿತ್ರ ಸೇರಿದ್ದು, ದೇಶದೇಶದವರು ಕೂಡಿ ಕಟ್ಟಿ ಪುಕ್ಕಟೆಯಾಗಿ ಹಂಚುವ ಕಂಪ್ಯೂಟರ್ ತಂತ್ರಾಂಶವೊಂದಕ್ಕೆ. ಅದರಲ್ಲಿ ಮೊದಲು ಅಂಚೆಯ ಗುರುತಾಗಿ ಕಂಬದ ಮೇಲೊಂದು ಪೆಟ್ಟಿಗೆ, ಅದಕ್ಕೊಂದು ಬಾವುಟ ಇತ್ತು. 'ನಮ್ಮ ಕಡಿ ಯಾವ ಡಬ್ಬಿಗೆ ಬಾವುಟ ಐತಿ?' ಎಂದು ಸಿಡಿದ ಈರಯ್ಯನವರು ಖಾನಾಪುರಕ್ಕೆ ಹೋಗಿ, ಅಲ್ಲಿಯ ಕೆಂಪು ಡಬ್ಬಿಯ ಎದುರು ಬಿಸಿಲಲ್ಲಿ ನಿಂತು ಚಿತ್ರ ಬರೆದು ತಂದಿದ್ದರು. ಪ್ರಸಾದ ಅದನ್ನು ಕಂಪ್ಯೂಟರಿಗೆ ಏರಿಸಿ ಕಳಿಸಿದ್ದ.

ಈರಯ್ಯ: ಇದರ ಸಾಹೇಬ್ರು ಯಾರು? ಅರ್ಜಿ ಕೊಡ್ತೇನಿ.

ಪ್ರಸಾದ: ಸಾಹೇಬ್ರ ಇಲ್ರಿ. ಎಲ್ಲಾರೂ ಸೇವಾ ಮಾಡಾವ್ರ. ಒಬ್ರು ಚಿತ್ರ ತಗೀತಾರ, ಒಬ್ರು ಬಳಸಿ ನೋಡ್ತಾರ, ಒಬ್ರು ಹೊಸಬರಿಗೆ ಹೇಳಿಕೊಡ್ತಾರ. ತಪ್ಪು ಹುಡುಕೂದೂ ಸೇವಾನ ರೀ.

ಈರಯ್ಯ: ತಪ್ಪು ಹುಡುಕೂದು ಸೇವಾ? ನಮ್ಮ ಮನ್ಯಾಗ ಅದಕ್ಕ ಕಿರಿಕಿರಿ ಅಂತಾರಪಾ.

ಅಷ್ಟರಲ್ಲಿ ಖಾನಾಪುರದಿಂದ ಗುರುಪುತ್ರಪ್ಪ ಬಂದಿಳಿದರು. ಅಲ್ಲಿ ಪೋಸ್ಟ್‌ಮನ್ ಆಗಿದ್ದು ನಿವೃತ್ತರಾದ ಹಳೆಯ ಗೆಳೆಯ. 'ನಿನ್ನ ಡಬ್ಬಿ ಜಗತ್ತಿಗೇ ಕಾಣತೈತಿ, ಬಾ' ಎಂದು ಹೇಳಿಕಳಿಸಿದವರು ಈರಯ್ಯನವರೇ. ಈಗ ಮರೆಮಾಡಲು ಪರದೆಗೆ ಬೆನ್ನು ಕೊಟ್ಟು ನಿಂತರು. ಗುರುಪುತ್ರಪ್ಪ ಬಾಜುವಿನಿಂದ ಇಣುಕಿದರು.

ಗುರುಪುತ್ರಪ್ಪ: ಎಲ್ಲೈತೋ ಮಾರಾಯಾ ನನ್ನ ಡಬ್ಬಿ? ಇದು ಗ್ಯಾಸ್ ಸಿಲಿಂಡರ್ ಅಲ್ಲೇನು?

ಈರಯ್ಯನವರು ಆಗ ಕುರ್ಚಿಯಲ್ಲಿ ಕುಸಿದರು.

ಈರಯ್ಯ: ಬರ್ಕೋ ಪ್ರಸಾದ. 'ಈ ಅನ್ಯಾಯಕ್ಕೆ ಹೊಣೆಯಾದವರು ಡಬ್ಬಿಯ ಬಾಯಿಯನ್ನು ಈ ಕೂಡಲೇ ಮರಳಿಸತಕ್ಕದ್ದು.' ಸಿಲಿಂಡರಿನ ಮಾತೂ ಸೇರ್ಸು. ಸಾಕ್ಷಿ, ಗುರುಪುತ್ರಪ್ಪ.

ಪ್ರಸಾದ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸಿದ. ಚಹಾ ತರಿಸಿ ಕುಡಿದು ಮುಗಿಸುವಷ್ಟರಲ್ಲಿ ಉತ್ತರ ಬಂತು.

ಈರಯ್ಯ: ಇಷ್ಟ ಲಗೂ? ಹಂಗಾರ ಇದು ಸರ್ಕಾರಿ ಕಚೇರಿ ಅಲ್ಲ, ಖರೇ.

ಪ್ರಸಾದ: ಕೇಳ್ರಿ. 'ಸಿಲಿಂಡರ್ ಅಂದದ್ದು ಓದಿ ನಮಗೂ ನಗು ತಡೀಲಿಲ್ಲ. ಬಾಯಿ ದೊಡ್ಡದು ಮಾಡಿ ಮತ್ತ ಹಾಕೀವಿ. ಇಷ್ಟು ಕಣ್ಣಿಟ್ಟು ನೋಡಾವ್ರು ನಮ್ಮಾಗ ಯಾರೂ ಇಲ್ಲ. ಒಪ್ಪಿದ್ರ, ಇವತ್ತಿನಿಂದ ಅಂಚೆ ವಿಭಾಗದ ಚಿತ್ರಗಳಿಗೆ ನೀವ ಹೊಣೆಗಾರರು. ದೂರೆಲ್ಲಾ ನಿಮಗ ಬರ್ತಾವ.'

ಈರಯ್ಯ: ಒಪ್ಪೇನಿ ಅಂತ ಬರಿ! ನೋಡಿದೇನಪಾ ಗುರುಪುತ್ರಪ್ಪಾ?

ಪ್ರಸಾದ ತಿದ್ದಿದ ಚಿತ್ರ ತೆರೆದ. ಗುರುಪುತ್ರಪ್ಪ ಚಾಳೀಸು ಕಣ್ಣಿಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿದರು.

ಗುರುಪುತ್ರಪ್ಪ: ಬಾಯಿ ಬಂತು. ಟಪಾಲು ತಗಿಯೂ ವೇಳಾ ಬರೆದ ತಗಡು ಎಲ್ಲಿ? ಡಬ್ಬಿ ಬಾಗಿಲ ಮ್ಯಾಲ ಇರ್ತಿತ್ತು. ದಿನಾ ನಾನ ಬದಲಿ ಮಾಡ್ತಿದ್ದೆ.

ಈರಯ್ಯ: ಅದು... ಇಷ್ಟ ಸಣ್ಣದ್ರಾಗ ಕಾಣಂಗಿಲ್ಲಪಾ.

ಪ್ರಸಾದ ಕೆಮ್ಮಿದ. ಗುರುಪುತ್ರಪ್ಪ ಈರಯ್ಯನವರ ಭುಜ ತಟ್ಟಿ ಎಬ್ಬಿಸಿ, ತಾವು ಆ ಕುರ್ಚಿಯಲ್ಲಿ ಕೂತರು.

ಗುರುಪುತ್ರಪ್ಪ: ಪ್ರಸಾದ, ಬರ್ಕೋಪಾ. 'ಅಂಚೆ ವಿಭಾಗದ ಹೊಣೆಗಾರರಾದ ಶ್ರೀ ಈರಯ್ಯನವರಿಗೆ. ತಾವು ಬಿಟ್ಟ ತಗಡನ್ನು ಈ ಕೂಡಲೇ ಮರಳಿಸತಕ್ಕದ್ದು.'