ಪೊದೆ ಹಿಂದಿನ ಮೀಟಿಂಗು

ಬಾಯಿ ಮುಚ್ಚಿಕೊಂಡಿರೋಣ ಅಂತ ನಾನು ಎಲ್ಲಿ ಹೋಗಿ ಕೂತರೂ, ಬಾಯಿ ಬಿಡಲೇಬೇಕಾದಂಥದ್ದು ಏನಾದರೂ ನನ್ನ ಎದುರಿಗೇ ನಡೆಯುತ್ತೆ. ಸಿಂಗಾಪುರಕ್ಕೆ ಬಂದರೂ ಬಿಡಲಿಲ್ಲ.

ಒನಕೆ ಹಿಡಿದವರು

ಬುಕಿತ್ ಬಾಟೋಕ್‌ನಲ್ಲಿ ಮಗಳ ಮನೆ, ಹನ್ನೊಂದನೇ ಮಹಡಿ. ಮಗಳು, ಅಳಿಯ ಏಳೂವರೆಗೆ ಬಾಗಿಲು ಎಳೆದುಕೊಂಡು ಹೋದರೆ ಬರೋದು ದೀಪ ಹಚ್ಚೋ ಹೊತ್ತಿಗೆ. ಮೈಸೂರಲ್ಲಿ ಹಾಲು ತರೋಕೆ ಹೋದರೆ ಹಾಲಿನ ಜೊತೆ ನಾಲ್ಕು ಮನೆ ಸಮಾಚಾರವನ್ನೂ ತರುತ್ತಿದ್ದೆ. ಇಲ್ಲಿ ಎರಡು ತಿಂಗಳಿಗೆ ಸಿಕ್ಕಿದ್ದು ಒಂದೇ ಸುದ್ದಿ: ಎದುರು ಮನೆ ಬಾಗಿಲಲ್ಲಿ ಆರು ಜೊತೆ ಚಪ್ಪಲಿ, ಒಳಗಿರೋದು ಇಬ್ಬರೇ! ಅದನ್ನಾದರೂ ಮಗಳಿಗೆ ಫೋನಲ್ಲಿ ಹೇಳೋಣ ಅಂದರೆ, "ಅಮ್ಮಾ, ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ." ಆ ಆಮೇಲೆ ಯಾವತ್ತೂ ಬರಲಿಲ್ಲ.

ಒಂದು ಬೆಳಿಗ್ಗೆ ಕಿಟಕಿಯಿಂದ ನೋಡ್ತೀನಿ, ಕೆಳಗೆ ಪಾರ್ಕಿನ ಕೊಳದ ಹತ್ತಿರ ಐದು ಜನ ಗಂಡಸರು. ಮಿಲಿಟರಿಯವರ ಹಾಗೆ ಎಲೆ ಎಲೆ ಬಣ್ಣದ ಅಂಗಿ. ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಒನಕೆಯಷ್ಟು ಉದ್ದದ ಕ್ಯಾಮೆರಾ. ಮೂತಿಗಳೆಲ್ಲ ನಮ್ಮ ಬ್ಲಾಕಿನ ಕಡೆಗೇ! ಯಾವಳನ್ನ ನೋಡ್ತಿದಾರೆ ಅಂತ ತಿಳಿಯೋವರೆಗೆ ನನಗೆ ಕಾಫಿ ಇಳಿಯುವಂತಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಲಿಫ್ಟ್ ಇಳಿದೆ.

ಹತ್ತಿರ ಹೋಗುತ್ತಿದ್ದ ಹಾಗೇ ಪೊದೆಯೊಳಗಿಂದ ಪಿಸುಮಾತು, ಅದೂ ಕನ್ನಡದಲ್ಲಿ: "ಮೀಟಿಂಗಲ್ಲಿದೀನಿ ಕಣೇ, ಆಮೇಲೆ ಮಾಡ್ತೀನಿ."

ಇಣುಕಿದೆ. ನಲವತ್ತು ದಾಟಿದವನು, ಮಂಡಿಯೂರಿ ಒನಕೆ ಹಿಡಿದು ಕೂತಿದ್ದಾನೆ. "ಚೆನ್ನಾಗಿದೆಯಪ್ಪಾ ಮೀಟಿಂಗು!" ಅಂದೆ. ಫೋನು ಕೊಳಕ್ಕೆ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ಪಾಯಾ ಲೆಬಾರ್‌ನಲ್ಲಿ ಆಫೀಸಂತೆ. ಕೆಲಸ ಶುರುವಾಗೋದು ಮಧ್ಯಾಹ್ನಕ್ಕೆ, ಹೆಂಡತಿಗೆ ಹೇಳಿರೋದು ಬೆಳಿಗ್ಗೆ ಎಂಟಕ್ಕೆ ಅಂತ! ನಡುವಿನ ಹೊತ್ತೆಲ್ಲ ಹಕ್ಕಿ ಫೋಟೋಗೆ. "ಆಂಟಿ, ಯಾರಿಗೂ ಹೇಳ್ಬೇಡಿ" ಅಂದ. ಹೇಳೋಕೆ ನನಗೆ ಯಾರಿದ್ದರು? ಇಂಥ ಒಳ್ಳೇ ಸುದ್ದಿ ಕೈಗೆ ಸಿಕ್ಕಿಯೂ ಹಾಗೇ ಹಳಸಿಹೋಯಿತು.

ಅವತ್ತಿಂದ ಮಗಳು ಮೀಟಿಂಗು ಅಂದಾಗಲೆಲ್ಲ ಕೇಳ್ತೀನಿ: "ಯಾವ ಪೊದೆ ಹಿಂದೆ?"

ಸ್ನಾನಕ್ಕೆ ಬಂದವಳು

ಕನ್ನಡದವನು ದಾಕ್ಷಿಣ್ಯಕ್ಕೆ ಬಿದ್ದ, ನನಗೂ ಅಲ್ಲೊಂದು ಮಡಿಸೋ ಸ್ಟೂಲು ಸಿಕ್ಕಿತು. ಮನುಷ್ಯರ ಪಕ್ಕ ಕೂತು ಎಷ್ಟು ದಿನವಾಗಿತ್ತೋ. ಆ ಗುಂಪಿಗೆ ಯಜಮಾನ ಒಬ್ಬ ಚೀನೀ ಅಂಕಲ್, ಟ್ಯಾಕ್ಸಿ ಓಡಿಸಿ ರಿಟೈರ್ ಆದವನು. ಎರಡನೇ ದಿನವೇ, ಮಾತಿನ ಬಾಲಕ್ಕೆ ಇಲ್ಲಿಯವರ "ಲಾ" ಅಂಟಿಸಿ, ಪಕ್ಕದವನಿಗೆ ಹೇಳ್ತಿದ್ದಾನೆ: "ಯೆಸ್ಟರ್‌ಡೇ ಫೀಮೇಲ್ ಕಮ್. ಎಯ್ಟ್ ಓ ಕ್ಲಾಕ್, ಬೇತಿಂಗ್. ವೆರಿ ನೈಸ್ ಲಾ."

ನನ್ನ ಇಂಗ್ಲಿಷು ಬಚ್ಚಲುಮನೆ ಬಾಗಿಲವರೆಗೆ ಮಾತ್ರ. ಆದರೆ ಫೀಮೇಲು, ಬೇತಿಂಗು ಎರಡೂ ಅಲ್ಲಿಯವೇ ಅಲ್ಲವೇ? "ನಿಮಗೆ ಅಕ್ಕತಂಗೀರಿಲ್ವೇನ್ರೋ!" ಅಂತ ಎದ್ದೇ ನಿಂತೆ. ಮರದಲ್ಲಿದ್ದ ಹಕ್ಕಿಗಳೆಲ್ಲ ಭರ್ರಂತ ಹಾರಿಹೋದವು.

"ಆಂಟಿ, ಹಕ್ಕಿ! ಹೆಣ್ಣು ಹಕ್ಕಿ!" ಕನ್ನಡದವನು ಹಣೆ ಚಚ್ಚಿಕೊಂಡ. ಗುಬ್ಬಿಗಿಂತ ಚಿಕ್ಕದಂತೆ. ಮರದ ಕೆಳಗೆ ಮಳೆ ನೀರು ನಿಂತ ಗುಂಡಿಗೆ ಸ್ನಾನಕ್ಕೆ ಬರುತ್ತಂತೆ. ಗಂಡು ಅಂದರೆ ಕರಿ ಬೆನ್ನು, ಅರಿಶಿನ ಬಳಿದ ಹಾಗೆ ಎದೆ. ಅದರ ಫೋಟೋಗೇ ಇವರೆಲ್ಲ ಮೂರು ವಾರದಿಂದ ಕಾಯುತ್ತಿದ್ದರಂತೆ.

"ಹೆಂಡತಿ ಬಂದಿದಾಳೆ, ಗಂಡ ಯಾಕೆ ಬಂದಿಲ್ಲ?"

"ಗೊತ್ತಿಲ್ಲ ಆಂಟಿ."

"ನನಗೆ ಗೊತ್ತು. ಮೀಟಿಂಗಲ್ಲಿರ್ತಾನೆ."

ವಿಂಟರು

ಎಲ್ಲರ ಬಾಯಲ್ಲೂ "ವಿಂಟರ್, ವಿಂಟರ್." ಡಿಸೆಂಬರು, ದಿನಾ ಮಳೆ ಬೇರೆ. ಇವರಿಗೆ ಗೊತ್ತಿಲ್ಲದೆ ಹೇಳ್ತಾರಾ ಅಂತ ಮಾರನೇ ದಿನ ಸ್ವೆಟರು, ಮಫ್ಲರು, ಕಾಲುಚೀಲ ಎಲ್ಲಾ ಏರಿಸಿಕೊಂಡು ಹೋದೆ. ಹತ್ತು ನಿಮಿಷಕ್ಕೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗಾಯಿತು. "ಆಂಟಿ, ಯು ಸಿಕ್ ಆ?" ಅಂದ ಚೀನೀ ಅಂಕಲ್.

ವಿಂಟರು ಇರೋದು ಇಲ್ಲಲ್ಲವಂತೆ, ಹಕ್ಕಿಯ ಊರಲ್ಲಂತೆ. ಅಲ್ಲಿ ಹಿಮ ಬೀಳೋ ಹೊತ್ತಿಗೆ ಸಮುದ್ರ ದಾಟಿ ಬರುತ್ತೆ, ಮಾರ್ಚಿಗೆ ವಾಪಸು ಅಂತ ಕನ್ನಡದವನು ಬಿಡಿಸಿ ಹೇಳಿದ. ಈ ದೇಶದಲ್ಲಿರೋಕೆ ನನಗೆ ಕೊಟ್ಟ ಪಾಸೂ ಮಾರ್ಚಿನವರೆಗೇ. "ಅಷ್ಟು ದೂರ ಯಾರ ಜೊತೆ ಬರುತ್ತಪ್ಪಾ?" ಅಂದೆ. "ಹೆಚ್ಚಾಗಿ ಒಂಟಿಯಾಗೇ ಆಂಟಿ" ಅಂದ. ನಾನು ಮಫ್ಲರು ಬಿಚ್ಚಿ ಮಡಿಸುತ್ತಾ ಕೂತೆ.

ಸ್ವೆಟರೇನೂ ದಂಡವಾಗಲಿಲ್ಲ ಬಿಡಿ. ಮನೇಲಿ ಅಳಿಯ ಏಸಿಯನ್ನ ಹದಿನೆಂಟಕ್ಕಿಟ್ಟು ಕೂರ್ತಾನೆ. ಹಿಮ ಬೀಳೋದೊಂದು ಬಾಕಿ.

ಗಂಡ ಬಂದ

ಸ್ನಾನಕ್ಕೆ ಬಂದ ಹೆಣ್ಣನ್ನ ನನ್ನ ಬಾಯಿ ಇನ್ನೂ ಎರಡು ಸಲ ಓಡಿಸಿತು. ಒಮ್ಮೆ ಆರು ಜೊತೆ ಚಪ್ಪಲಿ ಕತೆ ಹೇಳುವಾಗ, ಇನ್ನೊಮ್ಮೆ ಅದು ಏಳು ಜೊತೆಯಾದಾಗ. ಚೀನೀ ಅಂಕಲ್ ಮುಖ ಊದಿಸಿಕೊಂಡು ಏನೋ ಹೇಳಿದ. ಕನ್ನಡದವನು ನೆಲ ನೋಡುತ್ತಾ ನನಗೆ ಹೇಳಿದ: "ಆಂಟಿ, ಸ್ಟೂಲನ್ನ ಗುಂಡಿ ಆಚೆ ಹಾಕ್ಕೋಬೇಕಂತೆ. ಇನ್ನೊಂದು ಸಲ ಹಕ್ಕಿ ಹಾರಿಸಿದ್ರೆ ನಾಳೆಯಿಂದ ಸ್ಟೂಲೇ ಇಲ್ವಂತೆ." ನನ್ನ ಫೋನನ್ನೂ ಇಸಕೊಂಡು ಸದ್ದು ಅಡಗಿಸಿ ಕೊಟ್ಟ.

ನಾಳೆಯಿಂದ ಮತ್ತೆ ಹನ್ನೊಂದನೇ ಮಹಡಿ, ಮತ್ತೆ ಚಪ್ಪಲಿ ಎಣಿಸೋದು ಅಂತ ನೆನೆದು ತೆಪ್ಪಗೆ ಸ್ಟೂಲು ಎತ್ತಿಕೊಂಡೆ. ಹಸಿರು ಸೀರೆ ಉಟ್ಟಿದ್ದೆ. ಗುಂಡಿ ಆಚೆಗೆ ಹೋಗಿ ಒಬ್ಬಳೇ ಕೂತೆ.

ಅರ್ಧ ಗಂಟೆ ಆಗಿರಬೇಕು, ಐದೂ ಒನಕೆ ಒಟ್ಟಿಗೇ ನನ್ನ ಕಡೆ ತಿರುಗಿದವು! ನಮ್ಮನೆ ಯಜಮಾನರು ತೀರಿಹೋದ ಮೇಲೆ ಪಾಸ್‌ಪೋರ್ಟಿಗೆ ಬಿಟ್ಟರೆ ನನ್ನ ಫೋಟೋ ತೆಗೆದವರಿಲ್ಲ. ಪಾಪ, ಅಟ್ಟಿದ್ದಕ್ಕೆ ಪಶ್ಚಾತ್ತಾಪ ಆಗಿರಬೇಕು ಅಂದುಕೊಂಡು ಸೆರಗು ಹೊದ್ದು, ಹಲ್ಲಿಲ್ಲದ ಕಡೆ ಕಾಣದ ಹಾಗೆ ನಕ್ಕೆ. ಆಮೇಲೆ ನೋಡ್ತೀನಿ, ನನಗೂ ಅವರಿಗೂ ಮಧ್ಯೆ ಒಣ ಕಡ್ಡಿಯ ಮೇಲೆ ಅರಿಶಿನ ಎದೆಯ ಗಂಡ ಕೂತಿದ್ದಾನೆ.

ಸರಿಯಾಗಿ ಅದೇ ಹೊತ್ತಿಗೆ ಸೊಂಟದಲ್ಲಿ ಫೋನು ಗುಂಯ್ ಅಂತು. ಆ ನಂಬರು ಇದ್ದದ್ದು ಮಗಳ ಹತ್ತಿರ ಮಾತ್ರ. ಎರಡು ತಿಂಗಳಿಂದ ಕಾದಿದ್ದ ಆ "ಆಮೇಲೆ" ಆಗಲೇ ಬರಬೇಕೇ! ಎತ್ತಿದರೆ ಹಕ್ಕಿ ಹೋಯಿತು, ಹಕ್ಕಿ ಜೊತೆ ಸ್ಟೂಲೂ ಹೋಯಿತು. ಎರಡನೇ ಸಲ ಗುಂಯ್. ಮೂರನೇ ಸಲ. ಉಸಿರೂ ಬಿಡದೆ ಕೂತೆ. ಅವನು ನೀರಿಗಿಳಿದ, ಮಿಂದ, ಮತ್ತೆ ಕಡ್ಡಿಗೇರಿ ರೆಕ್ಕೆ ಕೊಡವಿದ, ನನ್ನನ್ನೊಮ್ಮೆ ನೋಡಿದ, ಹೋದ.

ಅಷ್ಟು ದೊಡ್ಡ ಗಂಡಸರು ಕುಣಿದರು. ಚೀನೀ ಅಂಕಲ್ ಕ್ಯಾಮೆರಾ ತಂದು ತೋರಿಸಿದ. ಹಕ್ಕಿಯ ಗರಿ ಗರಿಯೂ ಎಣಿಸೋ ಹಾಗಿತ್ತು. ನಾನು, ನನ್ನ ನಗು, ಎಲ್ಲೂ ಇಲ್ಲ. "ವೇರ್ ಮೀ?" ಅಂದೆ.

"ಬ್ಯಾಕ್‌ಗ್ರೌಂಡ್ ಲಾ, ಆಂಟಿ! ವೆರಿ ಕ್ಲೀನ್ ಗ್ರೀನ್! ಟುಮಾರೋ ಸೇಮ್ ಸಾರಿ, ಸೇಮ್ ಪ್ಲೇಸ್!"

ಅಷ್ಟು ಉದ್ದದ ಒನಕೆಗೆ ಹಕ್ಕಿಯೊಂದೇ ಕಾಣೋದಂತೆ, ಹಿಂದೆ ಇರೋರೆಲ್ಲ ಬರೀ ಬಣ್ಣವಂತೆ. ಇರಲಿ, ಸ್ಟೂಲು ಉಳಿಯಿತಲ್ಲ. ಮಗಳಿಗೆ ಫೋನು ಮಾಡಿದೆ.

"ಎಲ್ಲಿ ಹೋಗಿದ್ದೆ ಅಮ್ಮಾ? ಮೂರು ಸಲ ಮಾಡ್ದೆ! ಎಷ್ಟು ಭಯ ಆಯ್ತು ಗೊತ್ತಾ?"

"ಮೀಟಿಂಗಲ್ಲಿದ್ದೆ ಕಣೇ."

ಮಗಳು ಮೆಲ್ಲಗೆ ಕೇಳಿದಳು: "ಯಾವ ಪೊದೆ ಹಿಂದೆ?"

"ಪೊದೆ ಹಿಂದೆ ಅಲ್ಲ, ಹಕ್ಕಿ ಹಿಂದೆ. ಫೋಟೋ ಕಳಿಸ್ತೀನಿ, ನೋಡು. ಮಬ್ಬಾಗಿ ಹಸಿರು ಕಾಣುತ್ತಲ್ಲ, ಅದೇ ನಿಮ್ಮಮ್ಮ."