ಕಾಲು ಮುಂದಾಗಿ ಹುಟ್ಟಿದ ಟೀಚರ್

ಹುಟ್ಟುವಾಗ ನನ್ನ ತಲೆಗಿಂತ ಮೊದಲು ಕಾಲು ಹೊರಬಂದವಂತೆ. ಹಾಗೆ ಹುಟ್ಟಿದವರು ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆಯ ಜನ ನಂಬುತ್ತಾರೆ. ನಾನು ಓದಿ ಟೀಚರಾದೆ, ಎರಡು ತಾಲೂಕು ಸುತ್ತಿದೆ. ಹೋದಲ್ಲೆಲ್ಲ ನನಗಿಂತ ಮೊದಲು ನನ್ನ ಕಾಲಿನ ಸುದ್ದಿ ತಲುಪಿರುತ್ತಿತ್ತು.

ಗಂಜ್‌ನಲ್ಲಿ ಕಲಿತ ಪಾಠ

ಎಪ್ಪತ್ತರ ದಶಕದ ಆರಂಭ. ನಮ್ಮಪ್ಪ ರಾಯಚೂರಿನ ಗಂಜ್‌ನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಹಮಾಲ, ನಾನಿನ್ನೂ ಹೈಸ್ಕೂಲು. ಅಪ್ಪನಿಗೆ ಬುತ್ತಿ ಕೊಡಲು ಹೋದರೆ, ಚೀಲ ಹೊತ್ತು ಸೊಂಟ ಹಿಡಿದವರೆಲ್ಲ ಸಾಲಾಗಿ ಬೋರಲು ಮಲಗಿಬಿಡುತ್ತಿದ್ದರು. "ಒಂದೊಂದು ಒದ್ದು ಹೋಗವ್ವಾ!"

ಅಲ್ಲೇ ಕೂತು ಉಳುಕು ತೆಗೆಯುತ್ತಿದ್ದ ಮುದುಕ ಪೈಲ್ವಾನರೊಬ್ಬರು ಒಂದು ದಿನ ನನ್ನನ್ನು ತಡೆದರು.

"ಬೇಟಿ, ಕಾಲಾಗ ಏನೂ ಇಲ್ಲ, ಎಲ್ಲಾ ಕೈಯಾಗ ಅದ. ಮೊದಲು ಕೇಳು. ಕಾಲು ಜುಮ್ ಅಂತದ, ಬಿದ್ದು ಪೆಟ್ಟಾಗ್ಯದ ಅಂದ್ರ ಮುಟ್ಟಬ್ಯಾಡ, ದವಾಖಾನಿಗೆ ಕಳಸು. ಇಲ್ಲಂದ್ರ ಬೆನ್ನಾಗ ಯಾವ ಕೀಲು ಬಿಗದದ, ಬೆರಳಿಲೆ ಹುಡುಕು. ಉಸುರು ಬಿಡು ಅನ್ನು. ಬಿಟ್ಟಾಗ ಒಂದು ಸಲ ಒತ್ತು."

ಮಲಗಿದ್ದವನೊಬ್ಬನ ಮೇಲೆ ಒತ್ತಿ ತೋರಿಸಿದರು. 'ಟಕ್' ಎಂದಿತು. ಬೆಳಿಗ್ಗೆಯಿಂದ ಗೋಡೆ ಹಿಡಿದು ನಡೆಯುತ್ತಿದ್ದ ಆ ಹಮಾಲ "ಯವ್ವಾ, ಮುರದ ಬಿಟ್ಟ!" ಎಂದು ಚೀರಿ ಎದ್ದವನೇ ಗೇಟಿನ ತನಕ ಓಡಿದ.

ಪೈಲ್ವಾನರು ಕೂತಲ್ಲಿಂದಲೇ ಕೂಗಿದರು: "ಮುರದ ನಡಾ ತಗೊಂಡು ಎಷ್ಟು ಜೋರು ಓಡತೀ ಲೇ!"

ಯಾರಿಗೆ ಒದೆಯಬೇಕು?

ಮುಂದೆ ಮಾನ್ವಿಯಲ್ಲಿ ಟೀಚರಾಗಿದ್ದಾಗ, ಒಂದು ಭಾನುವಾರ ಹಿರೇಕೊಟ್ನೆಕಲ್‌ನಿಂದ ಗಂಡ ಹೆಂಡತಿ ಚಕ್ಕಡಿ ಕಟ್ಟಿಕೊಂಡು ಬಂದರು. ಹೆಂಡತಿ ಗಂಡನ ತೋಳು ಹಿಡಿದು ನನ್ನ ಮುಂದೆ ತಂದು ನಿಲ್ಲಿಸಿದಳು.

"ಒದಿರಿ, ಟೀಚರ್ರ."

"ಎಲ್ಲಿ ನೋವದರೀ?" ಎಂದು ಅವನನ್ನು ಕೇಳಿದೆ.

"ನನಗೇನೂ ಇಲ್ರೀ. ನಡಾ ಹಿಡದದ್ದು ಈಕಿಗೆ."

"ಹಂಗಾರ ನೀ ಮಲಕ್ಕೊಳವ್ವಾ. ಒದೆಯೋದೇನೂ ಬ್ಯಾಡ, ಕೈಲೇ ಒತ್ತತೀನಿ."

"ನನಗ ಕೈಲೇ ಒತ್ತರಿ," ಎಂದಳು ಆಕೆ. "ಒದಿಯೂದು ಮಾತ್ರ ಇವಗ ಒದಿರಿ. ಇವನ ನಾಕು ಎಮ್ಮಿಗೆ ನೀರು ಹೊತ್ತು ಹೊತ್ತ ನನ್ನ ನಡಾ ಹಿಡದದ!"

ಸಾಹೇಬರ ತಪಾಸಣೆ

ಎಂಬತ್ತರ ದಶಕ. ದೇವದುರ್ಗಕ್ಕೆ ವರ್ಗವಾಗಿತ್ತು, ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಮಾಡಲು ಶಿಫಾರಸು ಬರೆದು ಕಳಿಸಬೇಕಾದ ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರೇ ತಪಾಸಣೆಗೆ ಬಂದರು. ಹಿಂದಿನ ರಾತ್ರಿ ನನಗೆ ನಿದ್ದೆಯಿಲ್ಲ. ನಾಲ್ಕನೇ ತರಗತಿಯಲ್ಲಿ ಪಾಠ ಕೇಳುತ್ತ ನಿಂತಿದ್ದವರು ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

ಸಾಹೇಬರು ನೆಲ ನೋಡುತ್ತಲೇ ಕೇಳಿದರು: "ಟೀಚರ್, ಕಾಲು ಮುಂದಾಗಿ ಹುಟ್ಟಿದವರು ನೀವ ಏನ್ರಿ?"

"ಹೌದ್ರಿ ಸರ್. ಆದ್ರ ನಾ ಕೈಲೇ..."

"ಕೈ ಬ್ಯಾಡ. ಒದಿರಿ!"

ಮಕ್ಕಳು ಖುಷಿಯಿಂದ ಜಮಖಾನೆ ಬಿಟ್ಟೆದ್ದು ಜಾಗ ಮಾಡಿಕೊಟ್ಟರು. ಸಾಹೇಬರು ಬೋರಲು ಮಲಗಿದರು. ಬಿದ್ದಿಲ್ಲ, ಕಾಲು ಜುಮ್ಮೆನ್ನುವುದಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ಬೆರಳಿನಿಂದ ಬಿಗಿದ ಕೀಲು ಹುಡುಕಿದೆ. ಅವರ ಸಮಾಧಾನಕ್ಕೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಹಿಮ್ಮಡಿಯನ್ನು ಅಲ್ಲಿ ಮೆತ್ತಗೆ ಊರಿ, "ಉಸುರು ಬಿಡ್ರಿ ಸರ್" ಎಂದೆ.

ಅಷ್ಟರಲ್ಲಿ ಸಾಹೇಬರಿಗೆ ಚಹಾ ಹಿಡಿದುಕೊಂಡು ಹೆಡ್‌ಮಾಸ್ತರರು ಬಾಗಿಲಿಗೆ ಬಂದರು. ಜಮಖಾನೆಯ ಮೇಲೆ ಇನ್‌ಸ್ಪೆಕ್ಟರು, ಇನ್‌ಸ್ಪೆಕ್ಟರ ಮೇಲೆ ನನ್ನ ಕಾಲು. ಚಹಾದ ಕಪ್ಪು-ಬಸಿ ಕೈಯಿಂದ ಜಾರಿ ಒಡೆದವು. ಪಾಪ, ಅಲ್ಲೇ ಎರಡೂ ಕೈ ಜೋಡಿಸಿದರು.

"ಸಾಹೇಬ್ರ, ಬಡವರ ಹುಡುಗಿ! ತಿಳೀದ ತುಳದಾಳ! ಈ ಸಲ ಕ್ಷಮಾ ಮಾಡ್ರಿ!"

ಸಾಹೇಬರು ತಲೆ ಎತ್ತಲಿಲ್ಲ.

"ಹೆಡ್‌ಮಾಸ್ತರ್ರ, ನಡಬರಕ ಬಾಯಿ ಹಾಕಬ್ಯಾಡ್ರಿ. ಟೀಚರ್, ನಿಮ್ಮ ನೌಕರಿ ಖಾಯಂ ಆತು ಅಂತ ತಿಳೀರಿ. ಇನ್ನ ಸ್ವಲ್ಪ ಎಡಕ್ಕ ಒದಿರಿ!"